ನೇಪಾಳದ ಮಕ್ಕಳ ಮನೆಗೆ ಸೇವೆಗೆ ಹೊರಟಿದ್ದೀರಾ? ಹೆಸರು ಕೊಡುವ ಮುಂಚೆ ಇಷ್ಟು ನೋಡಿಕೊಳ್ಳಿ

ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿಯುವ ಹೊತ್ತಿಗೆ ಪ್ರಕಟಣೆ ಓದುತ್ತಾರೆ. "ಯುವಜನರ ಸಂಘದಿಂದ ನೇಪಾಳದ ಅನಾಥಾಶ್ರಮಕ್ಕೆ ಮಿಷನ್ ಟ್ರಿಪ್. ಹತ್ತು ದಿನ. ಆಸಕ್ತರು ಹೆಸರು ಕೊಡಿ." ಹೊರಗೆ ಬಂದು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಪಟ್ಟಿ ತುಂಬಿರುತ್ತದೆ. ನಾನೂ ಹಾಗೇ ಹೆಸರು ಕೊಟ್ಟವಳು. ಶಿವಮೊಗ್ಗದಿಂದ ಹನ್ನೆರಡು ಜನ ಹೋದೆವು. ಆಮೇಲೆ ಎರಡು ವರ್ಷ ಬಿಟ್ಟು, ಬೇರೆ ಮನೆಗೆ, ಐದೇ ಜನ ಹೋದೆವು. ಮೊದಲ ಸಲ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಮಾಡಬಾರದಿತ್ತು. ಎರಡನೇ ಸಲ ಸ್ವಲ್ಪ ಬುದ್ಧಿ ಬಂದಿತ್ತು. ಈಗ ಬೇರೆ ಸಭೆಯವರು, ಅಂದರೆ ಬೇರೆ ಚರ್ಚಿನವರು, "ಅಕ್ಕ, ಏನೇನು ತಯಾರಿ ಬೇಕು?" ಅಂತ ಫೋನ್ ಮಾಡಿ ಕೇಳುತ್ತಾರೆ. ಪ್ರತಿ ಸಲ ಹೇಳೋದಕ್ಕಿಂತ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಮೊದಲ ಹೆಜ್ಜೆ: ಟಿಕೆಟ್ ಬೇಡ, ಪ್ರಶ್ನೆ ಬೇಕು

ಮೊದಲ ಪ್ರವಾಸದ ಮೂರನೇ ದಿನ ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಅಲ್ಲಿ ಅಡುಗೆ ಮಾಡುವ ದೀದಿ ನನ್ನ ಹರಕು ಹಿಂದಿಗೆ ಹೊಂದಿಕೊಂಡು ಮಾತಾಡುತ್ತಿದ್ದರು. ಮುಂದಿನ ತಿಂಗಳು ಕೆಲಸ ಕಮ್ಮಿ, ದಸೈಂ ರಜೆಗೆ ಅರ್ಧ ಮಕ್ಕಳು ಊರಿಗೆ ಹೋಗುತ್ತಾರೆ ಅಂದರು. ದಸೈಂ ಅಂದರೆ ನಮ್ಮ ದಸರಾ. ನಾನು ಹೂಂ ಅಂದೆ. ಎರಡು ನಿಮಿಷ ಆದ ಮೇಲೆ ತಲೆಗೆ ಹೊಳೆಯಿತು. ಅನಾಥ ಮಕ್ಕಳಿಗೆ ಊರಿಗೆ ಹೋಗೋ ರಜೆ ಎಲ್ಲಿಂದ ಬಂತು?

ಕೇಳಿದರೆ ಅವರಿಗೆ ಅದರಲ್ಲಿ ಆಶ್ಚರ್ಯವೇ ಇರಲಿಲ್ಲ. ಒಬ್ಬನಿಗೆ ಅಮ್ಮ ಇದ್ದಾಳೆ, ಗಂಡ ಗಲ್ಫ್‌ನಲ್ಲಿ. ಇಬ್ಬರು ಅಕ್ಕತಂಗಿಯರಿಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ, ಹಳ್ಳಿಯಲ್ಲಿ ಹೈಸ್ಕೂಲ್ ಇಲ್ಲ. ನಮಗೆ ಕೊಟ್ಟ ಪಾಂಪ್ಲೆಟ್‌ನಲ್ಲಿ ಮಾತ್ರ ಎಲ್ಲರೂ ಅನಾಥರು.

ಇದು ಆ ಒಂದು ಮನೆಯ ಕತೆ ಆಗಿದ್ದರೆ ಬರೆಯುತ್ತಿರಲಿಲ್ಲ. ನೇಪಾಳದಲ್ಲಿ 1996ರಿಂದ 2006ರವರೆಗೆ ಮಾವೋವಾದಿಗಳ ಯುದ್ಧ ನಡೆಯಿತು. ಆಗ ಹುಮ್ಲಾದಂಥ ದೂರದ ಬೆಟ್ಟದ ಜಿಲ್ಲೆಗಳಿಗೆ ದಲ್ಲಾಳಿಗಳು ಹೋದರು. ಮಕ್ಕಳನ್ನು ಕಠ್ಮಂಡುವಿಗೆ ಕರೆದುಕೊಂಡು ಹೋಗಿ ಓದಿಸುತ್ತೇವೆ ಎಂದು ತಂದೆತಾಯಿಯಿಂದಲೇ ದುಡ್ಡು ತೆಗೆದುಕೊಂಡರು. ಪೇಟೆಗೆ ಬಂದ ಮೇಲೆ ಎಷ್ಟೋ ಮಕ್ಕಳು ಸುಳ್ಳು ಕಾಗದದಲ್ಲಿ ಅನಾಥರಾದರು. ಯುದ್ಧ ಮುಗಿದರೂ ಆ ದಾರಿ ಮುಚ್ಚಲಿಲ್ಲ. ಇಂಥ ಮನೆಗಳಲ್ಲಿ ಹೆಚ್ಚಿನವು ಇರುವುದು ಕಠ್ಮಂಡು ಕಣಿವೆ, ಪೋಖರಾ, ಚಿತ್ವನ್ ಕಡೆ. ಪ್ರವಾಸಿಗಳು ಬರುವ ಜಾಗಗಳೂ ಇವೇ. ಬಡತನ ಜಾಸ್ತಿ ಇರುವ ಜಿಲ್ಲೆ ಬಿಟ್ಟು ಪ್ರವಾಸಿಗಳು ಜಾಸ್ತಿ ಇರುವ ಜಿಲ್ಲೆಯಲ್ಲಿ ಅನಾಥಾಶ್ರಮ ಯಾಕೆ ಹುಟ್ಟುತ್ತದೆ? ನಮ್ಮಂಥವರು ಕಾಣಿಕೆ ಹಿಡಿದುಕೊಂಡು ಬರುತ್ತೇವಲ್ಲ, ಅದಕ್ಕೇ.

ಮಲೆನಾಡಿನವರಿಗೆ ಇದು ಬೇಗ ಅರ್ಥ ಆಗಬೇಕು. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಿಂದ ಮಕ್ಕಳನ್ನು ಹಾಸ್ಟೆಲ್‌ಗೆ ಬಿಡುವುದು ನಮ್ಮಲ್ಲಿ ಹೊಸದಲ್ಲ. ಮಳೆಗಾಲದಲ್ಲಿ ಹಳ್ಳ ದಾಟುವ ಹಾಗಿಲ್ಲ, ಬಸ್ ಬರಲ್ಲ, ಶಾಲೆ ದೂರ. ನನ್ನ ಅಪ್ಪ ಓದಿದ್ದೂ ಹಾಗೇ. ಆ ಹಾಸ್ಟೆಲ್ ಮುಂದೆ ಯಾರೋ "ಅನಾಥಾಶ್ರಮ" ಅಂತ ಬೋರ್ಡ್ ಹಾಕಿ, ಹೊರದೇಶದವರನ್ನು ಕರೆಸಿ, ಅಪ್ಪನ ಕೈಲಿ ಹಾಡು ಹೇಳಿಸಿದ್ದರೆ ಅಜ್ಜಿ ಏನು ಮಾಡುತ್ತಿದ್ದರು ಅಂತ ಯೋಚಿಸಿದೆ. ಪೊರಕೆ ಹಿಡಿದುಕೊಂಡೇ ಬರುತ್ತಿದ್ದರು.

ಇನ್ನೊಂದು ಕಾರಣವೂ ಇದೆ. ರುಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಶೆಸ್ಕು ಆಡಳಿತ ಬಿದ್ದಾಗ ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಆಶ್ರಮಗಳಲ್ಲಿದ್ದರು. 2000ದಲ್ಲಿ ಅಮೆರಿಕದ ಸಂಶೋಧಕರು ರಾಜಧಾನಿ ಬುಕಾರೆಸ್ಟ್‌ನ ಆಶ್ರಮಗಳಿಂದ 136 ಪುಟ್ಟ ಮಕ್ಕಳನ್ನು ಆರಿಸಿಕೊಂಡು ಅಧ್ಯಯನ ಶುರು ಮಾಡಿದರು. ಅರ್ಧ ಮಕ್ಕಳಿಗೆ ಸಾಕು ಕುಟುಂಬ ಸಿಕ್ಕಿತು, ಉಳಿದವರದು ಮೊದಲಿನ ಹಾಗೇ ನಡೆಯಿತು. ಕುಟುಂಬಕ್ಕೆ ಹೋದವರು ಬುದ್ಧಿಯಲ್ಲೂ, ಜನರನ್ನು ನಂಬಿ ಹಚ್ಚಿಕೊಳ್ಳುವುದರಲ್ಲೂ ಮುಂದೆ ಬಂದರು. ಮಗುವಿಗೆ ಬೇಕಾದದ್ದು ದಿನಾ ಕಾಣುವ ಅದೇ ಮುಖ. ನಾವು ಹತ್ತು ದಿನ ಇದ್ದು ಎತ್ತಿ ಆಡಿಸಿ ಬರುತ್ತೇವೆ, ಹಿಂದೆಯೇ ಇನ್ನೊಂದು ತಂಡ ಬರುತ್ತದೆ. ಗೇಟಿನ ಹತ್ತಿರ ಓಡಿ ಬಂದು ಗುರುತಿಲ್ಲದವರ ಕಾಲು ತಬ್ಬಿಕೊಳ್ಳುವ ಮಗುವನ್ನು ನೋಡಿ ನಾವು "ಎಷ್ಟು ಪ್ರೀತಿ ನೋಡಿ" ಅಂದಿದ್ದೆವು. ನಮ್ಮ ಮನೆ ಮಗು ಬೀದಿಯಲ್ಲಿ ಹೋಗುವವರನ್ನು ಹಾಗೆ ತಬ್ಬಿಕೊಂಡರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ?

2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಅನಾಥಾಶ್ರಮ ಪ್ರವಾಸದಿಂದ ಮಕ್ಕಳಿಗೆ ಆಗುವ ಹಾನಿಯನ್ನು ಹೆಸರಿಸಿ ನಿರ್ಣಯ ಮಾಡಿತು. ಹಾಗಾದರೆ ಹೋಗಲೇಬಾರದಾ? ನನ್ನ ಅಭಿಪ್ರಾಯ: ಮಕ್ಕಳನ್ನು ನೋಡಲು, ಆಡಿಸಲು ಹೋಗಬೇಡಿ. ಆ ಮನೆ ನಡೆಸುವ ದೊಡ್ಡವರಿಗೆ ಗೊತ್ತಿಲ್ಲದ ಕೆಲಸವೊಂದು ನಿಮಗೆ ಗೊತ್ತಿದ್ದು, ಅವರೇ ಕರೆದರೆ ಹೋಗಿ.

ಎರಡನೇ ಹೆಜ್ಜೆ: ಮನೆಯನ್ನು ವಿಚಾರಿಸಿ

ಹೊರಡುವ ಆರು ತಿಂಗಳ ಮುಂಚೆ ಫೋನ್ ಮಾಡಿ. ವಾಟ್ಸಾಪ್‌ನಲ್ಲಿ ಬಂದ ಫೋಟೊ ನಂಬಬೇಡಿ. ಮಾತಾಡಲು ಸಭೆಯಲ್ಲಿ ಹಿಂದಿ ಚೆನ್ನಾಗಿ ಬರುವ ಹಿರಿಯರೊಬ್ಬರನ್ನು ಕೂರಿಸಿಕೊಳ್ಳಿ. ನಮ್ಮಲ್ಲಿ ಆ ಕೆಲಸ ಮಾಡಿದವರು ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್. ಮೂವತ್ತು ವರ್ಷ ಸಾಲ ಕೇಳುವವರನ್ನು ಕೂರಿಸಿ ಪ್ರಶ್ನೆ ಕೇಳಿದ ಮನುಷ್ಯ. ಅಂಥವರೇ ಬೇಕು.

ಕೇಳಬೇಕಾದ್ದು ಇವು. ಮನೆ ನೋಂದಣಿ ಆಗಿದೆಯಾ, ಕಳೆದ ಸಲ ತಪಾಸಣೆಗೆ ಯಾರು ಬಂದಿದ್ದರು? (ನೇಪಾಳದಲ್ಲಿ 2018ರ ಮಕ್ಕಳ ಕಾಯ್ದೆಯಡಿ ರಾಷ್ಟ್ರೀಯ ಬಾಲ ಅಧಿಕಾರ ಪರಿಷತ್ ಇದೆ. ಮನೆಯ ಹೆಸರು ಕೊಟ್ಟು ಅಲ್ಲೂ ವಿಚಾರಿಸಬಹುದು.) ಎಷ್ಟು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದಾರೆ? ಕಳೆದ ವರ್ಷ ಎಷ್ಟು ಮಕ್ಕಳು ವಾಪಸ್ ಕುಟುಂಬಕ್ಕೆ ಹೋದರು? ಮಕ್ಕಳನ್ನು ನೋಡಿಕೊಳ್ಳುವವರು ಎಷ್ಟು ಜನ, ಎಷ್ಟು ವರ್ಷದಿಂದ ಇದ್ದಾರೆ? ಹೊರಗಿನಿಂದ ಬರುವವರಿಗೆ ಏನು ನಿಯಮ?

ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಎಲ್ಲಕ್ಕಿಂತ ಮುಖ್ಯ. "ನಿಯಮ ಏನಿಲ್ಲ, ಯಾವಾಗ ಬೇಕಾದರೂ ಬನ್ನಿ, ಮಕ್ಕಳು ಕಾಯ್ತಾ ಇದ್ದಾರೆ" ಅಂದರೆ ಅಲ್ಲಿಗೇ ನಮಸ್ಕಾರ ಹೇಳಿ ಫೋನ್ ಇಡಿ. ನಾವು ಎರಡನೇ ಸಲ ಹೋದ ಮನೆಯವರು ನಮ್ಮನ್ನೇ ಉಲ್ಟಾ ಪ್ರಶ್ನೆ ಕೇಳಿದರು. ಯಾಕೆ ಬರ್ತೀರಿ, ಪೊಲೀಸ್ ಸರ್ಟಿಫಿಕೇಟ್ ಇದೆಯಾ, ನಿಮ್ಮಲ್ಲಿ ಯಾರಿಗೆ ಯಾವ ಕೆಲಸ ಬರುತ್ತದೆ? ನಮ್ಮ ಮ್ಯಾನೇಜರ್ ಅಂಕಲ್‌ಗೆ ಸ್ವಲ್ಪ ಅವಮಾನ ಆಯಿತು. ನನಗೆ ಧೈರ್ಯ ಬಂತು.

ಮಕ್ಕಳ ಫೋಟೊ, ಹೆಸರು, ದುಃಖದ ಕತೆ ಹಾಕಿ "ಇವನನ್ನು ದತ್ತು ತಗೊಳ್ಳಿ, ತಿಂಗಳಿಗೆ ಇಷ್ಟು" ಅಂತ ಕೇಳುವ ಮನೆಯೂ ಬೇಡ. ಊಟದ ಹೊತ್ತಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅತಿಥಿಗಳ ಮುಂದೆ ಕುಣಿಸುವ ಮನೆ ಅಂತೂ ಬೇಡವೇ ಬೇಡ.

ಮೂರನೇ ಹೆಜ್ಜೆ: ಕೈಯಲ್ಲಿ ಏನು ಕೆಲಸ ಇದೆ?

ಮೊದಲ ಸಲ ನಾವು ಇಂಗ್ಲಿಷ್ ಕಲಿಸಿದೆವು, ಗೋಡೆಗೆ ಬಣ್ಣ ಹಚ್ಚಿದೆವು. ಇಂಗ್ಲಿಷ್ ನಮಗಿಂತ ಆ ಮಕ್ಕಳಿಗೇ ಚೆನ್ನಾಗಿ ಬರುತ್ತಿತ್ತು, ಅಷ್ಟು ತಂಡಗಳು ಬಂದು ಹೋಗಿದ್ದವಲ್ಲ. ಗೋಡೆಯ ಕೆಳಗೆ ಹಳೇ ಬಣ್ಣದ ಮೂರು ಪದರ ಇತ್ತು. ಪ್ರತಿ ತಂಡವೂ ಅದೇ ಗೋಡೆಗೆ ಹಚ್ಚಿರಬೇಕು. ಅಲ್ಲಿನ ಪೇಂಟರ್‌ಗೆ ಸಿಗಬೇಕಾದ ಕೂಲಿಯನ್ನೂ ನಾವು ತಪ್ಪಿಸಿದ್ದೆವು.

ಎರಡನೇ ಸಲ ಪಟ್ಟಿ ಅವರ ಕಡೆಯಿಂದಲೇ ಬಂತು. ನೀರಿನ ಟ್ಯಾಂಕ್ ಮತ್ತು ಪೈಪ್ ಸರಿ ಮಾಡಬೇಕು, ಅದನ್ನು ಅಲ್ಲಿನ ಒಬ್ಬ ಹುಡುಗನಿಗೆ ಕಲಿಸಿಕೊಡಬೇಕು. ಲೆಕ್ಕ ಪುಸ್ತಕದಿಂದ ಕಂಪ್ಯೂಟರ್‌ಗೆ ಹೋಗಬೇಕು. ಸುಟ್ಟ ಗಾಯ, ಜ್ವರ, ವಾಂತಿಭೇದಿ ಬಂದರೆ ಮೊದಲು ಏನು ಮಾಡಬೇಕು ಅಂತ ಸಿಬ್ಬಂದಿಗೆ ಹೇಳಿಕೊಡಬೇಕು. ಹಾಗಾಗಿ ಹೋದವರು ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ನರ್ಸ್, ಆ ಬ್ಯಾಂಕ್ ಅಂಕಲ್, ಹಿಂದಿಯಿಂದ ಅನುವಾದ ಮಾಡಲು ನಾನು. ಪ್ಲಂಬರ್ ನಮ್ಮ ಯುವಜನರ ಸಂಘದವನೂ ಆಗಿರಲಿಲ್ಲ, ಭದ್ರಾವತಿಯ ಸಭೆಯಿಂದ ಕರೆದುಕೊಂಡು ಹೋದೆವು. ಗಿಟಾರ್ ನುಡಿಸುವವರು ಬೇಜಾರು ಮಾಡಿಕೊಂಡರು. ಇರಲಿ.

ಕೆಲಸವೆಲ್ಲ ಮಕ್ಕಳು ಶಾಲೆಗೆ ಹೋಗಿರುವಾಗಲೇ ಆಗಬೇಕು. ಸಂಜೆ ಅವರು ಬರುವ ಹೊತ್ತಿಗೆ ನೀವು ನಿಮ್ಮ ರೂಮಿಗೆ ಹೊರಟಿರಬೇಕು. ಆ ಮನೆಯೊಳಗೆ ಉಳಿದುಕೊಳ್ಳಬೇಡಿ.

ನಾಲ್ಕನೇ ಹೆಜ್ಜೆ: ತಂಡ ಮತ್ತು ನಿಯಮ

ಐದಾರು ಜನ ಸಾಕು. ಹದಿನೆಂಟು ತುಂಬದವರು ಬೇಡ. ಪ್ರತಿಯೊಬ್ಬರೂ ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್ ಮೂಲಕ ಪೊಲೀಸ್ ವೆರಿಫಿಕೇಶನ್‌ಗೆ ಅರ್ಜಿ ಹಾಕಲಿ. "ನಮ್ಮ ಸಭೆಯವರೇ, ಚಿಕ್ಕಂದಿನಿಂದ ಗೊತ್ತು" ಅನ್ನುವ ಮಾತು ಬರುತ್ತದೆ. ಅಯ್ಯನವರು (ಪಾಸ್ಟರ್) ಮೊದಲು ತಮ್ಮದೇ ಅರ್ಜಿ ಹಾಕಿದರೆ ಆ ಮಾತು ನಿಲ್ಲುತ್ತದೆ. ನಮ್ಮಲ್ಲಿ ಹಾಗೇ ಆಯಿತು.

ನಿಯಮಗಳನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಎಲ್ಲರ ಸಹಿ ತೆಗೆದುಕೊಳ್ಳಿ. ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ಸ್ನಾನ ಮಾಡಿಸುವುದು, ಮಲಗಿಸುವುದು ಅಲ್ಲಿನ ಸಿಬ್ಬಂದಿಯ ಕೆಲಸ. ಮಗುವನ್ನು ಹೊರಗೆ ಸುತ್ತಾಡಿಸಲು ಕರೆದೊಯ್ಯಬಾರದು. ಫೋನ್ ನಂಬರ್, ಇನ್‌ಸ್ಟಾಗ್ರಾಮ್ ಕೊಡಬಾರದು, ತೆಗೆದುಕೊಳ್ಳಬಾರದು. "ಮತ್ತೆ ಬರ್ತೀನಿ" ಅಂತ ಹೇಳಬಾರದು. ಇದು ಕಷ್ಟ, ಬಾಯಿಗೆ ತಾನಾಗೇ ಬರುತ್ತದೆ. ನಮ್ಮೂರಲ್ಲಿ ಹೊರಡುವಾಗ "ಹೋಗ್ತೀನಿ" ಅನ್ನಲ್ಲ, "ಬರ್ತೀನಿ" ಅಂತೀವಲ್ಲ. ಆ ಮಗುವಿಗೆ ಅದು ಬರೀ ಮಾತಿನ ರೂಢಿ ಅಂತ ಗೊತ್ತಾಗುವುದು ಹೇಗೆ?

ಫೋಟೊ ವಿಷಯ. ನಮ್ಮ ದೇಶದಲ್ಲಿ 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ, ರಕ್ಷಣೆಯಲ್ಲಿರುವ ಮಗುವಿನ ಗುರುತು ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಗಡಿ ದಾಟಿದ ತಕ್ಷಣ ಆ ಮರ್ಯಾದೆ ಮರೆಯಬೇಕಾಗಿಲ್ಲ. ಮುಖ ಕಾಣುವ ಫೋಟೊ ಬೇಡ, ಸ್ಟೇಟಸ್ ಬೇಡ. ಪೈಪಿನ ಫೋಟೊ ತೆಗೆಯಿರಿ.

ಉಡುಗೊರೆಯನ್ನು ಮಕ್ಕಳ ಕೈಗೆ ಕೊಡಬೇಡಿ. ತಂದದ್ದನ್ನು ಮನೆಯವರಿಗೆ ಒಪ್ಪಿಸಿ, ಅವರೇ ಹಂಚಲಿ. ಕೆಟ್ಟದ್ದೇನಾದರೂ ಕಣ್ಣಿಗೆ ಬಿದ್ದರೆ ಯಾರಿಗೆ ಹೇಳಬೇಕು ಅನ್ನುವುದೂ ಹಾಳೆಯಲ್ಲಿ ಇರಲಿ. ನೇಪಾಳದ ಮಕ್ಕಳ ಸಹಾಯವಾಣಿ ನಂಬರ್ ನಮ್ಮದೇ: 1098.

ಐದನೇ ಹೆಜ್ಜೆ: ಸುವಾರ್ತೆ ಹೇಳುವ ಆಸೆ ಇರುವವರಿಗೆ

ಸಭೆಯ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿ. ನೇಪಾಳದ 2015ರ ಸಂವಿಧಾನದಲ್ಲಿ ಇನ್ನೊಬ್ಬರನ್ನು ಮತಾಂತರ ಮಾಡುವುದಕ್ಕೆ ನಿಷೇಧ ಇದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡ ಸಂಹಿತೆಯ ಪ್ರಕಾರ ಐದು ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ಹೊರದೇಶದವರಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ಕರಪತ್ರ, ಸತ್ಯವೇದದ (ಬೈಬಲ್) ಪ್ರತಿಗಳ ಕಟ್ಟು, ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಾಲೆ) ಹಾಡುಗಳು, ಇದೆಲ್ಲ ಮನೆಯಲ್ಲೇ ಬಿಟ್ಟು ಬನ್ನಿ. ನೀವು ಹತ್ತು ದಿನಕ್ಕೆ ವಾಪಸ್ ಬರುತ್ತೀರಿ, ಕೇಸು ಬೀಳುವುದು ಅಲ್ಲಿನ ಪಾಸ್ಟರ್ ಮೇಲೆ.

ಕಾನೂನು ಇಲ್ಲದಿದ್ದರೂ ನನ್ನ ಮಾತು ಅದೇ. ಊಟ, ಹಾಸಿಗೆಗೆ ನಿಮ್ಮ ಕೈ ನೋಡುವ ಮಗು "ಬೇಡ" ಅನ್ನಲಾರದು. ಇದಕ್ಕೆ ನಮ್ಮ ಸಂಘದಲ್ಲಿ ಜೋರು ಜಗಳವೇ ಆಯಿತು, ಇಬ್ಬರು ಹೆಸರು ವಾಪಸ್ ತೆಗೆದುಕೊಂಡರು. ಹೋದವರು ಅಲ್ಲಿನ ಸಭೆಯಲ್ಲಿ ಆರಾಧನೆಗೆ ಕೂತೆವು, ಅಷ್ಟೇ. ಅಂದಹಾಗೆ, ನೇಪಾಳದಲ್ಲಿ ವಾರದ ರಜೆ ಶನಿವಾರ. ಸಭೆ ಸೇರುವುದೂ ಶನಿವಾರವೇ. ಮೊದಲ ಸಲ ಭಾನುವಾರ ಬೆಳಿಗ್ಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗಿ ಬೀಗ ನೋಡಿ ಬಂದಿದ್ದೆವು.

ಆರನೇ ಹೆಜ್ಜೆ: ಕಾಗದಪತ್ರ, ದುಡ್ಡು, ದಾರಿ

ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಐಡಿ ಬೇಕು. 15ರಿಂದ 65 ವರ್ಷದವರಿಗೆ ಆಧಾರ್ ನಡೆಯಲ್ಲ. ಇದು ಗೊತ್ತಿಲ್ಲದೆ ಏರ್‌ಪೋರ್ಟ್‌ನಿಂದ ವಾಪಸ್ ಬಂದವರಿದ್ದಾರೆ. ಪಾಸ್‌ಪೋರ್ಟ್ ಮಾಡಿಸುವುದೇ ಒಳ್ಳೆಯದು. 36 ಪುಟದ್ದಕ್ಕೆ ಶುಲ್ಕ 1,500 ರೂಪಾಯಿ.

ರೈಲಿನಲ್ಲಿ ಹೋಗುವವರಿಗೆ ಯಶವಂತಪುರದಿಂದ ಗೋರಖ್‌ಪುರಕ್ಕೆ ಗಾಡಿ ಇದೆ. ಅಲ್ಲಿಂದ ಸುಮಾರು 100 ಕಿಲೋಮೀಟರ್ ಬಸ್‌ನಲ್ಲಿ ಸೋನೌಲಿ, ಗಡಿ ದಾಟಿ ಮತ್ತೆ ಬಸ್. ಶಿವಮೊಗ್ಗದಿಂದ ಲೆಕ್ಕ ಹಾಕಿದರೆ ನಾಲ್ಕು ದಿನ ದಾರಿಯಲ್ಲೇ ಹೋಗುತ್ತದೆ. ವಯಸ್ಸಾದವರಿದ್ದರೆ ಬೇಡ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ನಮ್ಮ ಹಾಗೇ. ನಾವು ಆಗುಂಬೆ ಘಾಟಿ ಕುಸಿಯುವುದನ್ನು ನೋಡಿದವರು, "ಏನಾಗುತ್ತೆ" ಅಂದುಕೊಳ್ಳಬೇಡಿ, ಅಲ್ಲಿನ ಗುಡ್ಡಗಳೇ ಬೇರೆ. 2024ರ ಜುಲೈನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಮಣ್ಣು ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಹೋದವು. ಸೋನೌಲಿಯಿಂದ ಕಠ್ಮಂಡುವಿಗೆ ಹೋಗುವ ಬಸ್ಸುಗಳ ದಾರಿಯೂ ಅದೇ. ದಸೈಂ ರಜೆ ಮುಗಿದು ಶಾಲೆ ಶುರುವಾದ ಮೇಲೆ, ನವೆಂಬರ್‌ನಲ್ಲಿ, ಇಲ್ಲವೇ ಫೆಬ್ರವರಿ–ಮಾರ್ಚ್‌ನಲ್ಲಿ ಹೋಗಿ. ಕಠ್ಮಂಡು ಇರುವುದೇ ಸುಮಾರು 1,400 ಮೀಟರ್ ಎತ್ತರದಲ್ಲಿ. ನಮ್ಮ ಕೊಡಚಾದ್ರಿಯ ನೆತ್ತಿ 1,343. ಸ್ವೆಟರ್ ಇರಲಿ. ಟೈಫಾಯಿಡ್, ಹೆಪಟೈಟಿಸ್ ಎ, ಧನುರ್ವಾಯು ಲಸಿಕೆ ಬಗ್ಗೆ ಡಾಕ್ಟರನ್ನು ತಿಂಗಳ ಮುಂಚೆ ಕೇಳಿ. ಕೆಮ್ಮು ಜ್ವರ ಇದ್ದವರು ಮಕ್ಕಳಿರುವ ಮನೆಗೆ ಕಾಲಿಡಬೇಡಿ.

ನೇಪಾಳಕ್ಕೆ ಹೋಗಲು ಬ್ಯಾಂಕಿನಲ್ಲಿ ಡಾಲರ್ ಕೊಡುವುದಿಲ್ಲ. ನಮ್ಮ 100 ರೂಪಾಯಿಗೆ ಅವರ 160, ಈ ದರ 1993ರಿಂದ ಬದಲಾಗಿಲ್ಲ. 100ರ ನೋಟುಗಳನ್ನೇ ಜಾಸ್ತಿ ಇಟ್ಟುಕೊಳ್ಳಿ.

ಸಭೆಯ ದುಡ್ಡಿನ ವಿಷಯದಲ್ಲಿ ಎಚ್ಚರ. ತೆರಿಗೆ ವಿನಾಯಿತಿ ಇರುವ ಟ್ರಸ್ಟಿನ ಹಣವನ್ನು ದೇಶದ ಹೊರಗೆ ಖರ್ಚು ಮಾಡಿದರೆ ಆ ಖರ್ಚಿಗೆ ವಿನಾಯಿತಿ ಸಿಗುವುದಿಲ್ಲ, ನೇರ ತೆರಿಗೆ ಮಂಡಳಿಯಿಂದ ಮೊದಲೇ ಅನುಮತಿ ತಂದಿದ್ದರೆ ಮಾತ್ರ ಬೇರೆ ಮಾತು. ಚರ್ಚಿನ ಬೆಳೆಹಬ್ಬದ ಹರಾಜಿನಲ್ಲಿ ಬಂದ ದುಡ್ಡನ್ನು ಸುಮ್ನೆ ಚೀಲದಲ್ಲಿ ಹಾಕಿಕೊಂಡು ಹೋಗಬೇಡಿ, ಆಡಿಟರ್‌ ಹತ್ತಿರ ಕೇಳಿ. ಪ್ರಯಾಣದ ಖರ್ಚು ಅವರವರದೇ ಆಗಿದ್ದರೆ ತಲೆನೋವಿಲ್ಲ.

ಇಲ್ಲೇ ಒಂದು ಲೆಕ್ಕ ಹೇಳಬೇಕು. ಮೊದಲ ಸಲ ಹನ್ನೆರಡು ಜನ ತಲಾ 25,000 ಹಾಕಿದ್ದೆವು, ಒಟ್ಟು 3 ಲಕ್ಷ. ನಮ್ಮಲ್ಲಿ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಮಗು ಆಶ್ರಮ ಸೇರದೆ ಮನೆಯಲ್ಲೇ ಬೆಳೆಯಲಿ ಅಂತ ಕಷ್ಟದಲ್ಲಿರುವ ಕುಟುಂಬಕ್ಕೆ ತಿಂಗಳಿಗೆ ಕೊಡುವುದು 4,000. ನಮ್ಮ 3 ಲಕ್ಷ ಅಂದರೆ ಒಂದು ಮಗುವಿಗೆ ಆರು ವರ್ಷ ಮೂರು ತಿಂಗಳು. ಈ ಲೆಕ್ಕವನ್ನು ಸಮಿತಿ ಸಭೆಯಲ್ಲಿ ಬೋರ್ಡ್ ಮೇಲೆ ಬರೆದ ಮೇಲೂ ಹೋಗಬೇಕು ಅನ್ನಿಸಿದರೆ ಹೋಗಿ. ಶಿವಮೊಗ್ಗದಲ್ಲೇ ಏನಾದರೂ ಮಾಡೋಣ ಅನ್ನುವವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪ್ರಾಯೋಜಕತ್ವ (ಕುಟುಂಬಕ್ಕೆ ಹಣದ ನೆರವು), ಪೋಷಕತ್ವ (ಮಗುವನ್ನು ಬೇರೆ ಮನೆಯಲ್ಲಿ ಸಾಕುವುದು) ಯೋಜನೆಗಳ ಬಗ್ಗೆ ವಿಚಾರಿಸಲಿ. ನಮ್ಮ ಸ್ತ್ರೀ ಸಂಘದವರು ಆ ದಾರಿ ಹಿಡಿದರು. ಅವರ ಫೋಟೊ ಎಲ್ಲೂ ಬಂದಿಲ್ಲ.

ಅಲ್ಲಿಗೆ ಹೋದ ಮೇಲೆ

ಹೆಚ್ಚು ಹೇಳುವುದಿಲ್ಲ. ಊಟಕ್ಕೆ ದಾಲ್ ಭಾತ್, ಎರಡೂ ಹೊತ್ತು. ಅನ್ನ ತಿನ್ನುವ ನಮಗೆ ತೊಂದರೆ ಇಲ್ಲ, ಉಪ್ಪಿನಕಾಯಿ ಬಾಟಲಿ ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳು "ದೀದಿ" (ಅಕ್ಕ), "ದಾಯಿ" (ಅಣ್ಣ) ಅಂತ ಕರೆದರೆ ಮಾತಾಡಿಸಿ, ನಕ್ಕು ನಿಮ್ಮ ಕೆಲಸಕ್ಕೆ ಹೋಗಿ. ಬಿಗುಮಾನ ಬೇಡ, ಮುದ್ದೂ ಬೇಡ. ಬಿದ್ದು ಅಳುತ್ತಿರುವ ಮಗುವನ್ನು ನೀವು ಎತ್ತಿಕೊಳ್ಳುವ ಬದಲು ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಮ್ಮನನ್ನು ಕರೆಯಿರಿ. ಮೊದಲೆರಡು ದಿನ ಕಲ್ಲು ಮನಸ್ಸಿನವರ ಹಾಗೆ ಅನ್ನಿಸುತ್ತದೆ. ನಮ್ಮ ನರ್ಸ್ ಎರಡನೇ ರಾತ್ರಿ ರೂಮಿನಲ್ಲಿ ಅತ್ತುಬಿಟ್ಟರು. ಆದರೆ ಹೊರಡುವ ದಿನ ಗೇಟಿನ ಹತ್ತಿರ ಯಾವ ಮಗುವೂ ಅಳಲಿಲ್ಲ. ಇಬ್ಬರು ಹುಡುಗರು ಆಟದ ಮಧ್ಯೆ ಕೈ ಬೀಸಿ ಮತ್ತೆ ಚೆಂಡಿನ ಹಿಂದೆ ಓಡಿದರು.

ವಾಪಸ್ ಬಂದ ಮೇಲೆ

ಸಭೆಯಲ್ಲಿ ವರದಿ ಕೊಡುವಾಗ ಖರ್ಚಿನ ಲೆಕ್ಕವನ್ನೂ, ಆಗದೇ ಉಳಿದ ಕೆಲಸವನ್ನೂ ಹೇಳಿ. ನಾವು ಕಂಪ್ಯೂಟರ್ ಲೆಕ್ಕ ಅರ್ಧಕ್ಕೇ ಬಿಟ್ಟು ಬಂದೆವು, ಕರೆಂಟ್ ಇರಲಿಲ್ಲ. ಉಳಿದದ್ದನ್ನು ಅಂಕಲ್ ಫೋನ್‌ನಲ್ಲೇ ಹೇಳಿಕೊಟ್ಟರು. ಅದಕ್ಕೆ ಎರಡು ತಿಂಗಳು ಹಿಡಿಯಿತು.

ಮೂರು ತಿಂಗಳಾದ ಮೇಲೆ ಆ ಮನೆಗೆ ಒಂದು ಫೋನ್ ಮಾಡಿ. ಮಕ್ಕಳು ನಮ್ಮನ್ನು ನೆನಪಿಸಿಕೊಳ್ಳುತ್ತಾರಾ ಅಂತ ಕೇಳಬೇಡಿ, ಮಾಡಿದ ಕೆಲಸ ನಿಂತಿದೆಯಾ ಅಂತ ಕೇಳಿ. ನಮಗೆ ಬಂದ ಉತ್ತರ: ಟ್ಯಾಂಕ್ ಸರಿ ಇದೆ, ಹಿಂದಿನ ನಲ್ಲಿ ಮತ್ತೆ ಸೋರುತ್ತಿತ್ತು, ಆ ಹುಡುಗನೇ ಬಿಚ್ಚಿ ವಾಷರ್ ಬದಲಾಯಿಸಿದ. ಸಿಕ್ಕ ವಾಷರ್ ಅಳತೆಗೆ ಸ್ವಲ್ಪ ದೊಡ್ಡದಾಯಿತಂತೆ. ನಮ್ಮ ಭದ್ರಾವತಿಯ ಪ್ಲಂಬರ್ ಸರಿಯಾದ ಅಳತೆ ಬರೆದು ಕಳಿಸಿದ್ದಾನೆ.